ಅಕ್ಕ ಬೆನ್ನು ತಿರುಗಿಸಿ ನಿಂತ ಇಳಿಜಾರು

ಹಿಮ ಅಂದರೆ ಬೆಳ್ಳಗೆ, ಮೆತ್ತಗೆ, ಸಿನಿಮಾ ಹಾಡಿಗೆ ಹೇಳಿ ಮಾಡಿಸಿದ್ದು ಎಂದು ನಂಬಿಕೊಂಡೇ ನಾನು ಉಡುಪಿಯಿಂದ ಮೆಲ್ಬರ್ನ್‌ಗೆ ಓದಲು ಹೋದವಳು. ಅದು ಪದರ ಪದರವಾಗಿ ಕೂರುತ್ತದೆ, ಒಳಗಿನ ಒಂದು ಪದರ ಸಡಿಲವಾಗಿದ್ದರೂ ಮೇಲಿನದೆಲ್ಲ ಒಮ್ಮೆಲೇ ಜಾರಿ ಮನುಷ್ಯರನ್ನು ಹೂತುಹಾಕುತ್ತದೆ ಎಂದು ಕಲಿಸಿದ್ದು, ಕ್ಲೇಟನ್‌ನ ಬಾಡಿಗೆ ಮನೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಅಕ್ಕ.

ಒಡಹುಟ್ಟಿದ ಅಕ್ಕ ಅಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಎರಡು ಸಾವಿರದ ದಶಕದ ಆ ವರ್ಷಗಳಲ್ಲಿ ನಮ್ಮವರೆಲ್ಲ ವೀಕೆಂಡಿಗೆ ಕ್ರಾನ್‌ಬರ್ನ್‌ನ ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗುತ್ತಿದ್ದರೆ, ಇವಳು ಚಳಿಗಾಲದ ರಜೆಯನ್ನೆಲ್ಲ ಬೆಟ್ಟಕ್ಕೆ ಮುಡಿಪಿಟ್ಟಿದ್ದಳು. ಟಿಕೆಟ್ ಕೊಂಡು ಸ್ಕೀ ಮಾಡುವ ರೆಸಾರ್ಟ್ ಅವಳಿಗೆ ಸೇರುತ್ತಿರಲಿಲ್ಲ. ಹ್ಯಾರಿಯೆಟ್‌ವಿಲ್‌ನಲ್ಲಿ ಕಾರು ಬಿಟ್ಟು, ಕಾವಲಿನವರು ಯಾರೂ ಇಲ್ಲದ ಫೆದರ್‌ಟಾಪ್ ಬೆಟ್ಟವೇ ಬೇಕು. ನನ್ನನ್ನು ಕರೆದೊಯ್ದದ್ದು ಪ್ರೀತಿಯಿಂದಲೋ, ಗುಂಡಿ ತೋಡಲು ಜನ ಬೇಕಿತ್ತೆಂದೋ, ಇವತ್ತಿಗೂ ಅನುಮಾನ.

ಅಲ್ಲಿ ಗುಂಡಿ ತೋಡುವುದೇ ದೊಡ್ಡ ಕೆಲಸ. ಸ್ಕೀ ಕಟ್ಟಿಕೊಂಡು ಇಳಿಜಾರಿಗೆ ಇಳಿಯುವ ಮೊದಲು, ಅದರ ಪಕ್ಕದ ಅಪಾಯವಿಲ್ಲದ ಜಾಗದಲ್ಲಿ ಎದೆಮಟ್ಟ ಅಗೆಯಬೇಕು. ಗುಂಡಿಯ ಗೋಡೆಯ ಮೇಲೆ ಬೆರಳಾಡಿಸಿದರೆ ಪದರಗಳು ಸಿಗುತ್ತವೆ. ಗಾಳಿ ತಂದು ಒತ್ತಿದ್ದು ಒಂದು, ಮಳೆ ಬಿದ್ದು ಹೆಪ್ಪುಗಟ್ಟಿದ್ದು ಇನ್ನೊಂದು, ಅವುಗಳ ನಡುವೆ ಸಕ್ಕರೆಯಂತೆ ಉದುರುವುದು ಮತ್ತೊಂದು. ಆ ಸಕ್ಕರೆಯನ್ನೇ ನಂಬಬಾರದು. ಆಮೇಲೆ ಹಿಮದಲ್ಲೇ ಒಂದು ಕಂಬ ಕತ್ತರಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ತಟ್ಟಬೇಕು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಕಂಬ ಎಷ್ಟು ಬೇಗ ಮುರಿಯುತ್ತದೋ, ಎಷ್ಟು ನುಣ್ಣಗೆ ಜಾರುತ್ತದೋ ಅಷ್ಟು ಅಪಾಯ.

ಆಮೇಲೆ ಅಕ್ಕ ಆಪರೇಷನ್ ಥಿಯೇಟರಿನಿಂದ ತಂದ ನಿಯಮ. ಎಲ್ಲರಿಗಿಂತ ಕಿರಿಯವರು ಮೊದಲು ಬಾಯಿ ಬಿಡಬೇಕು. ಒಬ್ಬರು ಬೇಡ ಅಂದರೂ ವಾಪಸ್, ವಾದವಿಲ್ಲ. ಅವಳು ತನ್ನ ಅಭಿಪ್ರಾಯವನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದು ಜೇಬಿಗೆ ಹಾಕಿಕೊಂಡು, ಆಮೇಲೆ ನನ್ನನ್ನು ಕೇಳುತ್ತಿದ್ದಳು.

ನಾನೋ, ದೊಡ್ಡವರು ಅಭಿಪ್ರಾಯ ಕೇಳಿದರೆ ತಲೆಯಾಡಿಸುವುದೇ ಮರ್ಯಾದೆ ಎಂದು ಕಲಿತ ಮನೆಯವಳು. ಮೊದಲ ಚಳಿಗಾಲವಿಡೀ ನಾನು ಹಿಮ ನೋಡಲೇ ಇಲ್ಲ, ಅಕ್ಕನ ಮುಖ ನೋಡಿದೆ. ಅವಳ ಕಣ್ಣು ಇಳಿಜಾರಿನ ಕಡೆಗಿದ್ದರೆ ಹೋಗುವ ಎನ್ನುತ್ತಿದ್ದೆ, ಹುಬ್ಬು ಗಂಟಿಕ್ಕಿದ್ದರೆ ಬೇಡ ಎನ್ನುತ್ತಿದ್ದೆ. ಒಮ್ಮೆ ನಾಲ್ಕನೇ ಏಟಿಗೇ ಕಂಬ ಜಾರಿ ಬಿತ್ತು. ಅಕ್ಕ ಬೇಕೆಂದೇ ನಗುಮುಖ ಮಾಡಿ ನಿಂತಳು. ನಾನು ಹೋಗುವ ಅಂದೆ.

ಅವಳ ನಗು ಅಲ್ಲಿಗೇ ನಿಂತಿತು. "ನನ್ನ ಮುಖದಲ್ಲಿ ಎಂತ ಉಂಟು? ಗೌರವ ಕೊಟ್ಟು ನನ್ನನ್ನು ಕೊಲ್ಬೇಡ," ಅಂದಳು.

ಅಂದಿನಿಂದ ನಾನು ಹೇಳುವವರೆಗೂ ಜಾಕೆಟ್ಟಿನ ಟೋಪಿ ಎಳೆದುಕೊಂಡು, ನನಗೆ ಬೆನ್ನು ತಿರುಗಿಸಿ ನಿಲ್ಲತೊಡಗಿದಳು. ನನಗೆ ನೋಡಲು ಹಿಮವಲ್ಲದೆ ಬೇರೇನೂ ಉಳಿಯಲಿಲ್ಲ. ಹಾಗೆ ನಾನು ಕಲಿತೆ.

ಮೂರನೇ ಚಳಿಗಾಲದಲ್ಲಿ ಅಕ್ಕನಿಗೆ ಸಿಡ್ನಿಯಲ್ಲಿ ಕೆಲಸವಾಯಿತು. ಹೊರಡುವ ಹಿಂದಿನ ವಾರ ಕೊನೆಯದಾಗಿ ಹೋದೆವು. ಶಿಖರದ ಪಕ್ಕ ಆಗ್ನೇಯಕ್ಕೆ ಇಳಿಯುವ ಕಡಿದಾದ ಕೊರಕಲೊಂದಿತ್ತು. ಮೂರು ವರ್ಷವೂ ಅವಳು ಅದನ್ನು ಆಸೆಯಿಂದ ನೋಡಿ ನೋಡಿ ಹಿಂದಿರುಗಿದ್ದಳು, ಪ್ರತಿ ಸಲವೂ ಮಂಜೋ ಗಾಳಿಯೋ ಅಡ್ಡಬಂದಿತ್ತು. ಅವತ್ತು ಆಕಾಶ ತಿಳಿಯಾಗಿತ್ತು. ಇಂಥ ದಿನ ಮತ್ತೆ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಅಗೆದೆ. ಮೊದಲ ಕಂಬ ಇಪ್ಪತ್ನಾಲ್ಕು ಏಟು ತಡೆದು ಒರಟಾಗಿ ಮುರಿಯಿತು. ಎರಡನೆಯದು ಹನ್ನೆರಡನೆಯ ಏಟಿಗೆ, ಮೇಜಿನ ಖಾನೆ ಎಳೆದಂತೆ ನುಣ್ಣಗೆ ಜಾರಿ ನನ್ನ ಮಡಿಲಿಗೇ ಬಂತು. ಒಂದು ಹೌದು, ಒಂದು ಅಲ್ಲ. ಅಕ್ಕ ಬರೆದಳು, ಜೇಬಿಗಿಟ್ಟಳು, ಬೆನ್ನು ತಿರುಗಿಸಿದಳು. ಅವಳ ಆಸೆ ನನಗೆ ಬೆನ್ನಿನಲ್ಲೂ ಕಾಣುತ್ತಿತ್ತು.

"ಬೇಡ ಅಕ್ಕ," ಅಂದೆ.

ಅವಳು ಸರಿ ಎಂದು ಬಗ್ಗಿ ಬೂಟಿನ ಪಟ್ಟಿ ಬಿಗಿದಳು. ಬಂದ ದಾರಿಯಲ್ಲೇ ಇಳಿದೆವು.

ಮರುದಿನ ಅದೇ ಕೊರಕಲಿನಲ್ಲಿ ನಾಲ್ವರು ಸುಖವಾಗಿ ಇಳಿದರೆಂದು ಅವಳ ಗೆಳತಿಯೊಬ್ಬಳು ಫೋನಿನಲ್ಲಿ ತಿಳಿಸಿದಳು. ಪೆಟ್ಟಿಗೆಗೆ ಟೇಪು ಹಚ್ಚುತ್ತಲೇ ಅಕ್ಕ ಅದನ್ನು ನನಗೆ ಹೇಳಿದಳು, ಹವಾಮಾನದ ಸುದ್ದಿ ಹೇಳಿದಷ್ಟು ಸಾದಾ. ನನಗೆ ನಾಚಿಕೆಯಾಯಿತು. ಅವಳ ಅಭಿಪ್ರಾಯವೂ ಬೇಡ ಎಂದೇ ಇದ್ದಿರಬೇಕು, ಇಲ್ಲದಿದ್ದರೆ ಅಷ್ಟು ಸುಲಭವಾಗಿ ತಿರುಗುತ್ತಿದ್ದಳೇ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹೊರಡುವಾಗ ಸಲಿಕೆಯನ್ನೂ ನೋಟ್‌ಬುಕ್ಕನ್ನೂ ನನ್ನ ಕಪಾಟಿನಲ್ಲಿ ಬಿಟ್ಟು ಹೋದಳು.

ಮುಂದಿನ ಚಳಿಗಾಲದಲ್ಲಿ ಹೊಸಬರಿಬ್ಬರನ್ನು ಬೆಟ್ಟಕ್ಕೆ ಕರೆದೊಯ್ಯುವ ಸರದಿ ನನ್ನದಾಯಿತು. ಖಾಲಿ ಹಾಳೆ ಹುಡುಕುತ್ತ ಆ ದಿನದ ಪುಟಕ್ಕೆ ಬಂದೆ. ಇಪ್ಪತ್ನಾಲ್ಕು, ಹನ್ನೆರಡು. ಕೆಳಗೆ ಅಕ್ಕನ ವಾಲಿದ ಕನ್ನಡ ಅಕ್ಷರಗಳಲ್ಲಿ ಒಂದೇ ಪದ: ಹೋಗಬಹುದು.

ಕೂಡಲೇ ಸಿಡ್ನಿಗೆ ಫೋನ್ ಮಾಡಿದೆ. ಅವಳು ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದಳು. ಪುಟ ಓದಿ ಹೇಳಿ, ಅವತ್ತೇ ಯಾಕೆ ಇದನ್ನು ಹೇಳಲಿಲ್ಲ ಎಂದು ಕೇಳಿದೆ.

"ನೀನು ಬೇಡ ಅಂದಿಯಲ್ಲ," ಅಂದಳು. "ಮತ್ತೆ ಹೋಗುದು ಹೇಗೆ ಮಾರಾಯ್ತಿ?"

ಆಮೇಲೆ ಸಲಿಕೆಗೆ ತುಕ್ಕು ಹಿಡಿದಿದೆಯೇ ಎಂದು ವಿಚಾರಿಸಿದಳು. ಆ ಕೊರಕಲನ್ನು ಅಕ್ಕ ಇಂದಿಗೂ ಇಳಿದಿಲ್ಲ.