ಎಣಿಸದ ಬೀರಪ್ಪನೂ ಎಣಿಸಿದ ಬಸ್ಸೂ

ತಾಳಗುಂದದ ದೊಡ್ಡಬೀರಪ್ಪನಿಗೆ ಕುರಿ ಎಷ್ಟಿವೆ ಎಂದು ಕೇಳಿದವರಿಗೆ ಇವತ್ತಿನ ತನಕ ಉತ್ತರ ಸಿಕ್ಕಿಲ್ಲ. ಲಸಿಕೆ ಹಾಕಲು ಬಂದ ದನದ ಡಾಕ್ಟರು ಕೇಳಿದಾಗ, "ಕಣ್ಮುಂದೇ ಅದಾವಲ್ರೀ ಸಾಹೇಬ್ರೆ, ನೋಡ್ಕಳ್ರಿ" ಎಂದು ಟವೆಲ್ ಕೊಡವಿ ಕೂತುಬಿಟ್ಟ. ನೆಂಟರು ಕೇಳಿದರೆ, "ಇದ್ದಷ್ಟು ಅದಾವೆ" ಎನ್ನುತ್ತಾನೆ. ಕುರಿಯತ್ತ ಬೆರಳು ಮಾಡಿ ಒಂದು, ಎರಡು ಅನ್ನಬಾರದು, ಅಂದರೆ ಮಂದೆಗೆ ಕಣ್ಣು ತಾಗುತ್ತದೆ ಎಂಬುದು ಅವರ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ನಡೆದು ಬಂದ ಕಟ್ಟಳೆ. ಹೆಂಡತಿ ಮಾಳಮ್ಮ ಈ ವಿಷಯದಲ್ಲಿ ಗಂಡನಿಗಿಂತ ಬಿಗಿ.

ಹಾಗೆಂದು ಅವನಿಗೆ ತನ್ನ ಮಂದೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಸಂಜೆ ಕುರಿ ಬರುವ ಹೊತ್ತಿಗೆ ಮುಳ್ಳುಬೇಲಿಯ ಕುರಿರೊಪ್ಪದ ಬಾಯಲ್ಲಿ ಕೋಲಿನ ಮೇಲೆ ಗದ್ದ ಊರಿ ನಿಲ್ಲುತ್ತಾನೆ. ಮೋಟುಕಿವಿಯ ಹಿಂದೆ ಚುಕ್ಕಿ ಬರಬೇಕು. ಕುಂಟಿಯ ಎಡಗಡೆ ಅದರ ಮಗಳು ಬರಬೇಕು. ಜಗಳಗಂಟಿ ಕರಿಯ ಪಕ್ಕಕ್ಕೆ ಯಾವುದೂ ಬರಬಾರದು. ಒಂದು ಜೋಡಿ ತಪ್ಪಿದರೂ ಹಲ್ಲು ಬಿದ್ದ ಬಾಯಿಯಂತೆ ಅವನ ಕಣ್ಣಿಗೆ ಸಂದು ಕಾಣುತ್ತದೆ. ಆಮೇಲೆ ಮರಿಗಳನ್ನು ಬಿಡುತ್ತಾನೆ. ಎಲ್ಲ ಮರಿಯೂ ತಾಯಿಯ ಕೆಚ್ಚಲು ಹುಡುಕಿಕೊಂಡರೆ ಸರಿ. ಒಂದು ಮರಿ ಅರಚುತ್ತ ಉಳಿದರೆ ಅದರ ತಾಯಿ ಬಂದಿಲ್ಲ ಎಂದರ್ಥ. ನಲವತ್ತು ವರ್ಷದಲ್ಲಿ ಅವನ ಕುರಿಯೊಂದು ಹೊರಗೆ ಉಳಿದದ್ದು ನನಗೆ ನೆನಪಿಲ್ಲ. ನನ್ನ ನೆನಪು ಸಾಮಾನ್ಯದ್ದಲ್ಲ ಎಂಬುದನ್ನು ಊರಲ್ಲಿ ಯಾರನ್ನು ಬೇಕಾದರೂ ಕೇಳಬಹುದು.

ಇದನ್ನು ಒಪ್ಪದವನು ಒಬ್ಬನೇ, ಕರಿಯಣ್ಣ. ಅವನೂ ಕುರಿ ಸಾಕಿದವನೇ. ಅವನು ಸಂಜೆ ಕುರಿ ಎಣಿಸುವುದು ಮೂರು ಬೀದಿಗೆ ಕೇಳಬೇಕು. "ಬೀರಪ್ಪನ ಕಟ್ಟಳೆ ಗಿಟ್ಟಳೆ ಎಲ್ಲಾ ಸುಳ್ಳು ಕಣ್ರೋ. ಅವ್ನಿಗೆ ಎಣಿಸಾಕೆ ಬರಲ್ಲ, ಅದನ್ನ ಮುಚ್ಚಾಕೆ ಅಜ್ಜನ ಹೆಸ್ರು ಹೇಳ್ತಾನೆ" ಎಂದು ಚಹಾ ಅಂಗಡಿಯಲ್ಲಿ ಹತ್ತು ಜನರ ಮುಂದೆ ಹೇಳುವುದು ಅವನ ನಿತ್ಯದ ಕೆಲಸ. ಬೀರಪ್ಪ ಚಹಾ ಕುಡಿದು, ಲೋಟ ಕೆಳಗಿಟ್ಟು, ಮಾತಾಡದೆ ಎದ್ದು ಹೋಗುತ್ತಿದ್ದ. ಆ ಮಾತಾಡದಿರುವುದೇ ಜನಕ್ಕೆ ಅನುಮಾನ ತರಿಸಿತ್ತು.

ಹೀಗಿರುವಾಗ ಶಿಕಾರಿಪುರದ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮೂರ ಯತೀಶ ಒಂದು ದಿನ ಚಹಾ ಅಂಗಡಿಯ ಗೋಡೆಗೆ ಉದ್ದನೆಯ ಪಟ್ಟಿಯೊಂದನ್ನು ಅಂಟಿಸಿದ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ತಮ್ಮ ಮುಂಬರುವ ವಿಜ್ಞಾನ ಮತ್ತು ಗಣಿತದ ವಿಚಾರಗೋಷ್ಠಿಗಳನ್ನು ಈ ಸಲ ತಾಲ್ಲೂಕುಗಳಲ್ಲಿ ನಡೆಸುತ್ತಾರಂತೆ. ಶನಿವಾರ ಬೆಳಿಗ್ಗೆ ಶಿಕಾರಿಪುರ, ಸಂಜೆ ಸೊರಬ, ನಡುವೆ ತಾಳಗುಂದದ ಕಂಬದ ಶಾಸನ ನೋಡುವುದು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಿಕ್ಕಿದ್ದನ್ನು ಬೆಲ್ಲದ ಪೊಟ್ಟಣದ ಕಾಗದದಿಂದ ಹಿಡಿದು ಸಿಕ್ಕಿದ್ದೆಲ್ಲ ಓದಿ ಕಲಿತವನು. ಹಾಗಾಗಿ ಗೋಡೆಯ ಮೇಲಿನದನ್ನು ಓದಿ ಹೇಳುವ ಕೆಲಸ ಯಾವಾಗಲೂ ನನ್ನದೇ.

"ಒಂದನೇದು, ನಕ್ಷತ್ರ ಸಾಯುವುದು ಹೇಗೆ" ಎಂದೆ.

"ಸಾಯ್ಲಿ ಬಿಡು, ಮುಂದಿಂದು ಓದು ಉಜ್ಜಪ್ಪಣ್ಣ" ಎಂದ ಕರಿಯಣ್ಣ.

"ಎರಡನೇದು, ಎಣಿಕೆ ಹುಟ್ಟಿದ ಬಗೆ. ಮಾತಾಡುವವರು ಡಾಕ್ಟರ್ ತರನ್ನುಮ್. ಹಿಂದಿನ ಕಾಲದ ಕುರುಬರು ಕುರಿಗೊಂದರಂತೆ ಕಲ್ಲು ಇಟ್ಟು ಮಂದೆಯ ಲೆಕ್ಕ ಹಿಡಿಯುತ್ತಿದ್ದರು. ಅಲ್ಲಿಂದ ಮುಂದೆ..."

"ಯಾವ ಕುರುಬ?" ಬೀರಪ್ಪನ ದನಿ ಹಿಂದಿನಿಂದ ಬಂತು. ಆ ಅಂಗಡಿಯಲ್ಲಿ ಅವನು ಬಾಯಿ ಬಿಟ್ಟಿದ್ದು ನಾನು ಕಂಡಂತೆ ಅದೇ ಮೊದಲು. "ಕೂಸುಮರಿ ಹೊರಾಕೇ ಎರಡು ಕೈ ಸಾಲಲ್ಲ. ಕಲ್ಲು ಯಾವನು ಹೊರ್ತಾನೆ?"

ಯತೀಶ ನಕ್ಕ. "ದೊಡ್ಡಪ್ಪಾ, ಇದನ್ನ ಅಲ್ಲೇ ಬಂದು ಹೇಳ್ರಿ. ಹತ್ತು ನಿಮಿಷ ನಿಮ್ಮ ಹೆಸ್ರಿಗೆ ಬರಸ್ತೀನಿ."

"ಬರಸು" ಎಂದುಬಿಟ್ಟ ಬೀರಪ್ಪ.

ಕರಿಯಣ್ಣ ತೊಡೆ ತಟ್ಟಿಕೊಂಡ. "ಬರಸಪ್ಪಾ ಬರಸು! ಎಣಿಸಾಕೆ ಬರದೋನು ಎಣಿಕೆ ಬಗ್ಗೆ ಭಾಷಣ ಮಾಡ್ತಾನಂತೆ. ಗಾಡಿಖರ್ಚು ನನ್ದೇ ಹಾಕ್ಕಂಡು ನೋಡಾಕೆ ಬರ್ತನಿ."

ಬೀರಪ್ಪ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಮಾಳಮ್ಮನಿಗೆ ಮುಟ್ಟಿತ್ತು. "ಮಾತಾಡಾಕೆ ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ಮ ಕುರಿ ಇಷ್ಟು ಅಂತ ಬಾಯಿಂದ ಬಂತೋ, ಆವತ್ತಿಂದ ನಿಮ್ಮ ರೊಟ್ಟಿ ನೀವೇ ತಟ್ಕಳ್ರಿ" ಎಂದಳು. ಲೆಕ್ಕ ಹೇಳಿದರೆ ಮನೆಯಲ್ಲಿ ರೊಟ್ಟಿ ಇಲ್ಲ, ಹೇಳದಿದ್ದರೆ ಊರಲ್ಲಿ ಮರ್ಯಾದೆ ಇಲ್ಲ. ಪಾಪ, ಆ ವಾರವೆಲ್ಲ ಅವನು ಬೇಲಿಯ ಹತ್ತಿರ ಕುರಿಗಳಿಗೇ ಭಾಷಣ ಹೇಳಿ ರೂಢಿ ಮಾಡಿಕೊಂಡ.

ಶನಿವಾರ ನಾವು ಮೂವರು, ಬೀರಪ್ಪ, ಕರಿಯಣ್ಣ ಮತ್ತು ನಾನು, ಶಿಕಾರಿಪುರಕ್ಕೆ ಹೋದೆವು. ತರನ್ನುಮ್ ಅಂದರೆ ಯಾರೋ ಬೆಂಗಳೂರಿನವರು ಅಂದುಕೊಂಡಿದ್ದೆ. ನೋಡಿದರೆ ಶಿಕಾರಿಪುರದಲ್ಲಿ ಡಬ್ಬ, ಬಕೆಟ್ಟು ಮಾಡುವ ಜಬೀವುಲ್ಲಾ ಸಾಹೇಬರ ಮಗಳು! ಅಪ್ಪ ತಗಡು ಕತ್ತರಿಸುವಾಗ ಪಕ್ಕದಲ್ಲಿ ಕೂತು ಅಳತೆ ಕಲಿತ ಹುಡುಗಿ ಈಗ ದೊಡ್ಡ ಸಂಸ್ಥೆಯಲ್ಲಿ ಗಣಿತ ಹೇಳುತ್ತಾಳೆ. ಕಲ್ಲು, ಗೀಟು, ಗಂಟು ಹಾಕಿದ ದಾರ, ಎಲ್ಲದರ ಬಗ್ಗೆ ಆಕೆ ಚೆನ್ನಾಗಿಯೇ ಹೇಳಿದಳು.

ಆಮೇಲೆ ಬೀರಪ್ಪನ ಸರದಿ. ರೊಪ್ಪದ ಬಾಯಿ, ಮೋಟುಕಿವಿ, ಅರಚುವ ಮರಿ, ಎಲ್ಲ ಹೇಳುತ್ತ ಬಂದ. ತರನ್ನುಮ್ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ನಿವೃತ್ತ ಗಣಿತದ ಮೇಷ್ಟ್ರು ಕೆಂಪಪ್ಪ ಎದ್ದರು.

"ಎಲ್ಲಾ ಸರಿ ಬೀರಪ್ಪನೋರೆ. ನಿಮ್ಮ ಹತ್ರ ಒಟ್ಟು ಎಷ್ಟು ಕುರಿ ಅದಾವೆ?"

"ಅದನ್ನ ಹೇಳಂಗಿಲ್ರೀ."

"ಹೋಗ್ಲಿ, ನೂರರ ತನಕ ಎಣಿಸ್ತೀರಾ?"

ಬೀರಪ್ಪ ನನ್ನನ್ನು ನೋಡಿದ. ಸುಳ್ಳು ಹೇಳಬಹುದಿತ್ತು. "ಇಪ್ಪತ್ತರ ತನಕ ಬರ್ತತಿ. ಆಮೇಲಿಂದು ಕಲಸಿ ಹೋಗ್ತತಿ" ಎಂದ.

ಸಭೆ ನಕ್ಕಿತು. ಕೆಟ್ಟ ನಗೆಯೇನಲ್ಲ, ಆದರೂ ನಗೆ ನಗೆಯೇ. ಎಲ್ಲರಿಗಿಂತ ಹಿಂದೆ ಕೂತ ಕರಿಯಣ್ಣನ ನಗೆ ಎಲ್ಲರಿಗಿಂತ ಜೋರು. "ನಾ ಹೇಳ್ಲಿಲ್ವಾ!" ಎಂದು ಪಕ್ಕದವನ ಬೆನ್ನಿಗೆ ಗುದ್ದಿದ. ಬೀರಪ್ಪ ಉಳಿದ ನಾಲ್ಕು ನಿಮಿಷ ಬಿಟ್ಟು ಕೆಳಗಿಳಿದ.

ಮಧ್ಯಾಹ್ನ ಗೋಷ್ಠಿಯವರ ಬಸ್ಸಿನಲ್ಲೇ ನಮ್ಮನ್ನೂ ಹತ್ತಿಸಿಕೊಂಡರು. ನಮ್ಮೂರಿನ ಮೂವರನ್ನು ಬಿಟ್ಟು ಮೂವತ್ನಾಲ್ಕು ಜನ. ದಾರಿಯುದ್ದ ಬೀರಪ್ಪ ಕೊನೆಯ ಸೀಟಿನಲ್ಲಿ ಕೂತು ಎಲ್ಲರ ಬೆನ್ನು ನೋಡುತ್ತಿದ್ದ. ಕರಿಯಣ್ಣ ಮಾತ್ರ ಅವನ ಕಿವಿಯ ಹತ್ತಿರ, "ಇಪ್ಪತ್ತಾದ್ಮೇಲೆ ಇಪ್ಪತ್ತೊಂದು ಕಣಪ್ಪ, ಕಲಸೋದೇನೈತಿ ಅದ್ರಾಗೆ?" ಎಂದು ಪಾಠ ಶುರು ಮಾಡಿದ್ದ.

ತಾಳಗುಂದದಲ್ಲಿ ಎಲ್ಲರೂ ಇಳಿದು ಕಂಬ ನೋಡಿದರು, ಫೋಟೋ ತೆಗೆದರು, ಕೆರೆಯ ಕಡೆ ಹೋಗಿ ಬಂದರು. ನಾಲ್ಕೂವರೆಗೆ ಯತೀಶ ಎಲ್ಲರನ್ನೂ ಹತ್ತಿಸಿ, ಮುಂದಿನಿಂದ ತಲೆ ಎಣಿಸುತ್ತ ಹೋದ. ಮೂವತ್ನಾಲ್ಕು. ಕೆಂಪಪ್ಪ ಮೇಷ್ಟ್ರು ಹಿಂದಿನಿಂದ ಎಣಿಸುತ್ತ ಬಂದರು. ಮೂವತ್ನಾಲ್ಕು. ಡ್ರೈವರ್ ಬಸ್ಸು ಚಾಲೂ ಮಾಡಿದ.

ನಾವು ಮೂವರು ಕೆಳಗೆ ನಿಂತಿದ್ದೆವು. ಬೀರಪ್ಪ ಬಾಗಿಲಿನಲ್ಲಿ ತಲೆ ತೂರಿಸಿ ಒಳಗೆ ಒಂದು ಸಲ ನೋಡಿದವನು, ಕೋಲನ್ನು ಮೆಟ್ಟಿಲಿಗೆ ಅಡ್ಡ ಇಟ್ಟುಬಿಟ್ಟ.

"ಯತೀಶಾ, ನಿಲ್ಸು. ನಿಮ್ದೊಂದು ತಪ್ಪಿಸ್ಕಂಡತಿ. ನಿಮ್ದಲ್ಲದ್ದೊಂದು ಸೇರ್ಕಂಡತಿ."

"ದೊಡ್ಡಪ್ಪಾ, ಎರಡು ಸಲ ಎಣಿಸೀವಿ. ಸರಿಯಾಗೈತಿ."

"ಮೇಷ್ಟ್ರು ಎಣಿಸಿದ್ದಕ್ಕೂ ನಿನ್ದು ತಕರಾರಾ?" ಕರಿಯಣ್ಣ ಕೋಲು ಎಳೆಯಹೋದ. "ಬಿಡೋ ಮಾರಾಯ, ಬೆಳಿಗ್ಗೆ ಆಗಿದ್ದು ಸಾಲ್ಲಿಲ್ವಾ?"

ಬೀರಪ್ಪ ಕದಲಲಿಲ್ಲ. "ಕನ್ನಡಕದ ಹಸಿರಂಗಿಯವ ಒಂಟಿ ಕೂತಾನೆ. ಬರೋವಾಗ ಅವನ ಪಕ್ಕದಾಗೆ ತಗಡಿನ ಸಾಬ್ರ ಮಗಳಿದ್ಲು, ದಾರಿಯೆಲ್ಲಾ ಇಬ್ರೂ ವಾದ ಮಾಡ್ತಿದ್ರು. ಈಗ ಬಸ್ಸು ತಣ್ಣಗೈತಿ. ಎಲ್ಲಿ ಅವ್ಳು?"

ಎಲ್ಲರೂ ತಿರುಗಿದರು. ಮುಂದಿನವರು ತರನ್ನುಮ್ ಹಿಂದೆ ಇದ್ದಾಳೆ ಅಂದುಕೊಂಡಿದ್ದರು, ಹಿಂದಿನವರು ಮುಂದೆ ಇದ್ದಾಳೆ ಅಂದುಕೊಂಡಿದ್ದರು, ಹಸಿರಂಗಿಯವನು ವಾದ ಸಾಕಾಗಿ ಬೇರೆ ಸೀಟಿಗೆ ಹೋಗಿದ್ದಾಳೆ ಅಂದುಕೊಂಡಿದ್ದ. ಸಂಖ್ಯೆ ಸರಿ ಬಂದ ಮೇಲೆ ಮುಖ ನೋಡುವ ಕಷ್ಟ ಯಾರೂ ತೆಗೆದುಕೊಂಡಿರಲಿಲ್ಲ. ಸಂಜೆ ಸೊರಬದಲ್ಲಿ ಮಾತಾಡಬೇಕಾದವಳೇ ಬಸ್ಸಿನಲ್ಲಿ ಇಲ್ಲ!

"ಹಂಗಾದ್ರೆ ಮೂವತ್ನಾಲ್ಕು ಹೆಂಗಾಯ್ತು?" ಎಂದರು ಕೆಂಪಪ್ಪ ಮೇಷ್ಟ್ರು, ಬೆರಳು ಮಡಚುತ್ತ.

ಬೀರಪ್ಪ ಕೋಲಿನಿಂದ ಆರನೇ ಸೀಟಿನ ಕಡೆ ತೋರಿಸಿದ. ಅಲ್ಲಿ ಬುರ್ಖಾ ಹಾಕಿಕೊಂಡು, ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡ ಒಬ್ಬ ಹೆಂಗಸು ಆರಾಮಾಗಿ ಕೂತಿದ್ದರು. ಸೊರಬದ ಅಫ್ಸರ್ ಬೇಗಂ, ತಂಗಿಯ ಮನೆಗೆ ಬಂದವರು.

"ಸೊರಬಕ್ಕೆ ಹೋಗತ್ತೆ ಅಂತ ಡ್ರೈವರೇ ಹೇಳಿದ್ರು. ಹತ್ತಿದೆ" ಎಂದರು ಅವರು. "ಇಳೀಬೇಕೇನ್ರೀ?"

"ಕೂತ್ಕಳಮ್ಮ" ಎಂದ ಡ್ರೈವರ್, ತಲೆ ಕೆರೆದುಕೊಂಡು. "ಸೊರಬಕ್ಕೆ ಹೋಗತ್ತಾ ಅಂದ್ರು, ಹೂಂ ಅಂದೆ. ಸುಳ್ಳೇನಲ್ವಲ್ಲ."

ತರನ್ನುಮ್ ಕಂಬದ ಹತ್ತಿರದ ಗುಡಿಯ ಹಿಂಬದಿಯಲ್ಲಿ ಸಿಕ್ಕಳು. ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮೇಲಿನ ಗೆರೆಗಳನ್ನು ಪುಸ್ತಕಕ್ಕೆ ಇಳಿಸುತ್ತಿದ್ದಳು. ಫೋನು ಬಸ್ಸಿನ ಚೀಲದಲ್ಲೇ ಇತ್ತು. ನಡೆದದ್ದನ್ನು ಯತೀಶ ಹೇಳಿದಾಗ ಅವಳು ನಗಲಿಲ್ಲ, ಪುಸ್ತಕ ಮುಚ್ಚಿ ನೇರ ಬೀರಪ್ಪನ ಹತ್ತಿರ ಬಂದಳು.

"ಅಜ್ಜಾ, ಒಂದು ಹೋಗಿ ಒಂದು ಬಂದ್ರೆ ಎಣಿಕೆಗೆ ಗೊತ್ತಾಗೋದೇ ಇಲ್ಲ. ನಿಮಗೆ ಗೊತ್ತಾಯ್ತು. ಬೆಳಿಗ್ಗೆ ನಾನು ಹೇಳಿದ್ರಲ್ಲಿ ಈ ಭಾಗಾನೇ ಇರ್ಲಿಲ್ಲ. ಸಂಜೆ ನನಗೆ ಒಂದು ಗಂಟೆ ಕೊಟ್ಟಿದ್ದಾರೆ. ಅರ್ಧ ನಿಮ್ಮದು, ಬನ್ನಿ."

"ಬ್ಯಾಡವ್ವಾ. ನಗ್ತಾರೆ."

"ನನ್ನ ಬಿಟ್ಟು ಹೋಗ್ತಿದ್ರಲ್ಲ, ಅವರು ಯಾವ ಬಾಯಲ್ಲಿ ನಗ್ತಾರೆ?"

ಕೆಂಪಪ್ಪ ಮೇಷ್ಟ್ರು ಕೆಮ್ಮಿ, ಕಿಟಕಿಯ ಹೊರಗೆ ನೋಡಿದರು.

ಕೆರೆಯ ಏರಿಯ ಮೇಲೆ ಮಾಳಮ್ಮ ಕುರಿ ಹೊಡೆದುಕೊಂಡು ಬರುತ್ತಿದ್ದಳು. ಬೀರಪ್ಪ ಅಲ್ಲಿಂದಲೇ ಕೂಗಿದ, "ಲೇ, ಸೊರಬಕ್ಕೆ ಕರೀತಾರೆ. ಹೋಗ್ಲಾ?"

"ಹೋಗ್ರಿ! ಇವುನ್ನ ನಾ ನೋಡ್ಕಂತನಿ. ನಾ ಹೇಳಿದ್ದು ನೆನಪೈತಲ್ಲ?"

ಬೀರಪ್ಪ ಹತ್ತಿದ. ನಾನೂ ಹತ್ತಿದೆ. ಕರಿಯಣ್ಣ ಬಾಗಿಲ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ನಿಂತಿದ್ದ. "ಅವನ್ನೂ ಹತ್ತಿಸ್ಕಳ್ರಿ. ಇಲ್ಲಾಂದ್ರೆ ನಾಳೆ ಚಹಾ ಅಂಗಡ್ಯಾಗೆ ಬೇರೇನೇ ಕಥೆ ಕಟ್ತಾನೆ" ಎಂದ ಬೀರಪ್ಪ.

ಸೊರಬದ ಸಭಾಂಗಣ ಬೆಳಗಿನದಕ್ಕಿಂತ ದೊಡ್ಡದು. ತರನ್ನುಮ್ ನಡೆದ ಸಂಗತಿಯನ್ನು ಒಂದೂ ಬಿಡದೆ, ತನ್ನ ಮರೆವನ್ನೂ ಸೇರಿಸಿ ಹೇಳಿ, ಮೈಕು ಬೀರಪ್ಪನ ಮುಂದೆ ಸರಿಸಿದಳು. ಬೀರಪ್ಪ ಟವೆಲ್ಲನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿ ಗಂಟಲು ಸರಿಮಾಡಿಕೊಂಡ.

"ನಂಗೆ ಇಪ್ಪತ್ತರ ಮ್ಯಾಲೆ ಎಣಿಸಾಕೆ ಬರಲ್ಲ. ನಮ್ಮೂರ ಕರಿಯಣ್ಣ ಇದನ್ನ ಹತ್ತು ವರ್ಷದಿಂದ ಹೇಳ್ತಾ ಬಂದಾನೆ, ಅವ ಹೇಳಿದ್ದು ಖರೆ" ಎಂದ. ಈ ಸಲವೂ ಸಭೆ ನಕ್ಕಿತು, ಆದರೆ ಬೀರಪ್ಪನೂ ಜೊತೆಗೆ ನಗುತ್ತಿದ್ದ. "ಈಗ ನಾ ಹೇಳಿದ್ದು ಮಾಡ್ರಿ. ನಿಮ್ಮ ಪಕ್ಕ ಕೂತೋರ ಮುಖ ಒಂದು ಸಲ ಸರಿಯಾಗಿ ನೋಡ್ಕಳ್ರಿ. ಆಮೇಲೆ ಮುಂದಿಂದು ಹೇಳ್ತನಿ."

ಸಭೆಯಲ್ಲಿದ್ದವರೆಲ್ಲ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿದರು. ಕರಿಯಣ್ಣ ಗೊಣಗುತ್ತಲೇ ಬಲಕ್ಕೆ ತಿರುಗಿ ನೋಡಿದ. ಅಲ್ಲಿ, ಬಸ್ಸಿಳಿದು ಮನೆಗೆ ಹೋಗದೆ ಸಭೆಗೇ ಬಂದ ಅಫ್ಸರ್ ಬೇಗಂ ಕುಂಬಳಕಾಯಿ ಸಮೇತ ಕೂತಿದ್ದರು.

"ನೋಡಿದ್ದು ಸಾಕು" ಎಂದರು ಅವರು. "ಅಜ್ಜ ಮಾತಾಡ್ತಿದ್ದಾರೆ, ಸುಮ್ನಿರಿ."