ಜೋಡಿ ಸಿಗದ ಪೈಲ್ವಾನ

ಬೆಳಕು ಹರಿಯುವ ಮೊದಲೇ ಶಿರಸಿಯ ಕೋಟೆಕೆರೆ ಬದಿಯ ಗರಡಿಮನೆಯಲ್ಲಿ ಗುದ್ದಲಿಯ ಸದ್ದು ಕೇಳುತ್ತಿದೆ. ಅರವತ್ತೆಂಟರ ಜಟ್ಟಪ್ಪ ಪಂಚೆ ಮೇಲೆತ್ತಿ ಕಟ್ಟಿ, ಕುಸ್ತಿ ಕಣದ ಕೆಮ್ಮಣ್ಣನ್ನು ಬುಡದಿಂದ ಮಗುಚಿ ಹಾಕುತ್ತಿದ್ದಾರೆ. ಹೆಂಟೆ ಸಿಕ್ಕರೆ ಗುದ್ದಲಿಯಿಂದ ಒಡೆಯುವುದಿಲ್ಲ, ಬಗ್ಗಿ ಕೈಯಲ್ಲೇ ಹಿಸುಕಿ ಪುಡಿ ಮಾಡುತ್ತಾರೆ. ಮೇಲಿಂದ ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ, ಲಿಂಬೆಯ ರಸ. ಆಮೇಲೆ ಬರಿಗಾಲಲ್ಲಿ ಇಡೀ ಕಣ ತುಳಿದು ನೋಡುತ್ತಾರೆ. ಬಿದ್ದವನ ಬೆನ್ನಿಗೆ ಕಲ್ಲು ತಾಗಕೂಡದು ಎನ್ನುವುದು ಅವರ ಹಟ.

ಈ ಮಣ್ಣಿನ ಚಾಕರಿಯನ್ನು ಅವರು ವರ್ಷವಿಡೀ ಮಾಡುತ್ತಾರೆ. ಉಳುಕಿದ ಕೈಕಾಲು ನೀವುತ್ತಾರೆ, ಹುಡುಗರಿಗೆ ಪಟ್ಟು ಹೇಳಿಕೊಡುತ್ತಾರೆ. ಆದರೆ ಇವತ್ತಿನ ದಿನವೇ ಬೇರೆ. 2003ರ ಯುಗಾದಿಯ ಮರುದಿನ ಇದು, ಮಧ್ಯಾಹ್ನ ಇಲ್ಲಿ ಕುಸ್ತಿ. ಇವತ್ತು ಜಟ್ಟಪ್ಪ ಜೋಡಿ ಹಚ್ಚುತ್ತಾರೆ. ಅಂದರೆ ಆಡಲು ಬಂದವರನ್ನೆಲ್ಲ ಕಣದ ನಡುವೆ ನಿಲ್ಲಿಸಿ, ಇಬ್ಬಿಬ್ಬರ ಕೈ ಕೈಗೆ ಕೊಟ್ಟು ಹಿಡಿಸಿ, ಯಾರಿಗೆ ಯಾರು ಸರಿ ಎಂದು ತೀರ್ಮಾನಿಸುತ್ತಾರೆ. ಸರಿಜೋಡಿ ಇಲ್ಲದಿದ್ದರೆ ಎಂಥ ಹೆಸರುವಾಸಿ ಪೈಲ್ವಾನನನ್ನೂ ಮುಲಾಜಿಲ್ಲದೆ ವಾಪಸು ಕಳಿಸುತ್ತಾರೆ. ಜನ ಕೂಗುತ್ತಾರೆ, ಬೈಯುತ್ತಾರೆ, ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇವತ್ತು ಮಾತ್ರ ತುಳಿದ ಕಣವನ್ನೇ ಮತ್ತೆ ಮತ್ತೆ ತುಳಿಯುತ್ತಿದ್ದಾರೆ. ಕುಸ್ತಿಗೆ ಮುಖ್ಯ ಅತಿಥಿಯಾಗಿ ಮಿರಜಿನ ಬಾಪು ಪೈಲ್ವಾನ ಬರುತ್ತಿದ್ದಾರೆ. ಆ ಹೆಸರು ಕೇಳಿದ್ದೇ ನಾನೂ ಹಿಂದಿನ ದಿನವೇ ಯಲ್ಲಾಪುರದಿಂದ ಬಸ್ಸು ಹತ್ತಿ ಬಂದು ಕುಳಿತಿದ್ದೇನೆ. ಕುಸ್ತಿ ಹುಚ್ಚು ನನಗೂ ಚಿಕ್ಕಂದಿನಿಂದ ಅಂಟಿದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಕುಸ್ತಿಪ್ರಿಯರು ನಾಲ್ಕು ದಶಕದಿಂದ ಕಚ್ಚಾಡುತ್ತಿರುವ ಒಂದು ತಕರಾರು ಇವತ್ತು ಬಗೆಹರಿಯಬಹುದು ಎಂದರೆ ಯಾರಿಗೆ ನಿದ್ದೆ ಬರುತ್ತದೆ ಹೇಳಿ!

ತಕರಾರು ಇದೇ: ಜಟ್ಟಪ್ಪ ನಿಜಕ್ಕೂ ದೊಡ್ಡ ಪೈಲ್ವಾನರೋ, ಅಥವಾ ಎದುರಾಳಿ ಇಲ್ಲದ ಊರಿನಲ್ಲಿ ದೊಡ್ಡವರಾದವರೋ?

ಸಿದ್ದಾಪುರದ ಕಡೆಯ ಹುಟ್ಟು. ಹದಿನಾರಕ್ಕೇ ನಾಟಾ ಡಿಪೋದಲ್ಲಿ ದಿಮ್ಮಿ ಉರುಳಿಸುವ ಕೆಲಸ. ಶಿರಸಿಯ ಅಡಿಕೆ ವಖಾರಿಯೊಂದರ ಕಾಟಾದ ಮೇಲೆ ನಿಲ್ಲಿಸಿ ತೂಗಿದಾಗ ಕ್ವಿಂಟಲ್ ದಾಟಿದ್ದರಂತೆ, ಅದರಲ್ಲಿ ಬೊಜ್ಜು ಅನ್ನುವುದು ಚೂರೂ ಇರಲಿಲ್ಲವಂತೆ. ಐವತ್ತರ ದಶಕದಲ್ಲಿ ಕಣಕ್ಕಿಳಿದರು. ಆದರೆ ಅಷ್ಟು ದೊಡ್ಡ ಆಳಿಗೆ ಸರಿಸಾಟಿ ಈ ಕಾಡಿನ ಸೀಮೆಯಲ್ಲಿ ಎಲ್ಲಿಂದ ಬರಬೇಕು? ಕೈ ಹಿಡಿದು ನೋಡಿಯೇ ಹಿಂದೆ ಸರಿದವರು ಎಷ್ಟೋ ಮಂದಿ. ಕೊನೆಗೆ ಪಂಚರು ಅರ್ಧ ತೂಕದವರನ್ನೂ ಎದುರಿಗೆ ನಿಲ್ಲಿಸುತ್ತಿದ್ದರು. ಗೆದ್ದರೆ ಜನರ ಗೇಲಿ, ಸೋತರೆ ಮಾನ ಹೋಯಿತು. ಹಾಗೆ ಗೆದ್ದ ಕುಸ್ತಿಗಳನ್ನು ಜಟ್ಟಪ್ಪ ಇವತ್ತಿಗೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಜೋಡಿ ಹಚ್ಚುವಾಗ ಅವರು ಅಷ್ಟು ಕಟ್ಟುನಿಟ್ಟು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಕಡು ಟೀಕಾಕಾರರು ಹೆಗಡೆಕಟ್ಟಾದ ಅನಂತಮೂರ್ತಿ ಮಾಸ್ತರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಯುಗಾದಿ ಕುಸ್ತಿ ಒಂದನ್ನೂ ತಪ್ಪಿಸಿದವರಲ್ಲ. ಗರಡಿಯ ಕಟ್ಟೆಯ ಮೇಲೆ ಎಲೆಅಡಿಕೆಯ ಕವಳ ಹಾಕುತ್ತ ಕುಳಿತಿದ್ದ ಅವರ ಜೊತೆ ನಾನು ಜಗಳಕ್ಕೇ ಬಿದ್ದೆ.

“ಬಿದ್ದವ್ವು ಯಾರು ಅಂತ ನೋಡಕ್ಕು,” ಎಂದರು ಮಾಸ್ತರು. “ಚೀಲ ಹೊರವ್ವು, ನಾಟಾ ಎಳೆಯವ್ವು. ಪೈಲ್ವಾನ ಅಂಬವ ಬಂದಿದ್ದು ಒಬ್ಬನೇಯ. ಅವನ ಕೆಡಗಲೆ ಇವಂಗೆ ಆಜಿಲ್ಲೆ. ಆನು ಕಣ್ಣಾರೆ ನೋಡಿದ್ದಿ.”

ಬಂದ ಒಬ್ಬ ಪೈಲ್ವಾನನನ್ನೂ ಜಟ್ಟಪ್ಪನಿಗೆ ಕೆಡವಲಾಗಲಿಲ್ಲ, ತಾನೇ ನೋಡಿದ್ದೇನೆ ಎಂದು ಅವರು ಸಾಧಿಸಿದರೂ ನಾನು ಬಿಡಲಿಲ್ಲ. ಮಾಗೋಡಿನ ಹುಚ್ಚ ಎಂಬವನ ಹೆಸರು ತೆಗೆದೆ. ಹುಚ್ಚ ನಾಟಾ ಎಳೆಯುವವನೇ ಇರಬಹುದು, ಆದರೆ ಹಾನಗಲ್ಲಿನ ಕಣದಲ್ಲಿ ಗಟ್ಟಿ ಪೈಲ್ವಾನರನ್ನೇ ಮಣ್ಣು ಮುಕ್ಕಿಸಿ ಬಂದವನು. ಅಂಥವನನ್ನು ಜಟ್ಟಪ್ಪ ಮೂರು ಸಲ ಚಿತ್ ಮಾಡಿದ್ದಾರೆ. ಮಾಸ್ತರು ಒಪ್ಪಲಿಲ್ಲ. ಹುಚ್ಚನಿಗೆ ಬಲವಿತ್ತು, ಪಟ್ಟು ಗೊತ್ತಿರಲಿಲ್ಲ ಎಂದರು. ಪಟ್ಟು ಗೊತ್ತಿಲ್ಲದವನು ಹಾನಗಲ್ಲಿನಲ್ಲಿ ಗೆದ್ದದ್ದು ಹೇಗೆ ಎಂದು ಕೇಳಿದೆ. ಅವರು ಎದ್ದು ಹೋಗಿ ಕವಳ ಉಗಿದು ಬಂದು ಮತ್ತೆ ಶುರು ಮಾಡಿದರು. ಎಲ್ಲಿಂದ ಹೊರಟರೂ ನಮ್ಮ ವಾದ ಕೊನೆಗೆ 1959ರ ಆ ಒಂದು ಕುಸ್ತಿಗೇ ಬಂದು ನಿಲ್ಲುತ್ತಿತ್ತು.

ಆ ವರ್ಷ ಮಿರಜಿನಿಂದ ಬಾಪು ಬಂದರು. ಆಗ ಅವರ ವಯಸ್ಸು ಇಪ್ಪತ್ತೆಂಟು, ಕೃಷ್ಣಾ ತೀರದ ಕಣಗಳಲ್ಲಿ ಹೆಸರು ಮಾಡಿದವರು. ಜಟ್ಟಪ್ಪನಿಗೆ ಮೊದಲ ಬಾರಿಗೆ ತನ್ನ ತೂಕದ, ತನ್ನ ಎತ್ತರದ ಆಳು ಸಿಕ್ಕಿದ್ದ. ಜನ ಮಾವಿನ ಮರ ಹತ್ತಿ ಕುಳಿತಿದ್ದರು, ಹಲಗೆ ಬಡಿಯುವವರ ಕೈ ಸೋತು ಬದಲಿ ಆಳು ಬಂದರು. ಕುಸ್ತಿ ಒಂದು ತಾಸನ್ನೂ ಮೀರಿ ನಡೆಯಿತು. ನಡುವೆ ಒಮ್ಮೆ ಜಟ್ಟಪ್ಪ ಬಾಪುವನ್ನು ಅನಾಮತ್ತಾಗಿ ಎತ್ತಿ ಮೊಣಕಾಲ ಮೇಲೆ ತಂದಾಗ ಇಡೀ ಬಯಲು ಎದ್ದು ನಿಂತಿತು. ಬಾಪು ಹೇಗೋ ಜಾರಿ ಉಳಿದುಕೊಂಡರು. ಆಮೇಲೆ ಕಣದಲ್ಲಿ ಬೆಂಕಿ. ಕತ್ತಲಾದಾಗ ಪಂಚರು ಸೀಟಿ ಊದಿ ಬರಾಬರಿ ಎಂದು ಸಾರಿದರು, ಇಬ್ಬರೂ ಸಮ. ಜನ ಜಟ್ಟಪ್ಪನನ್ನು ಹೆಗಲ ಮೇಲೆ ಹೊತ್ತು ಪೇಟೆ ತುಂಬ ಮೆರೆಸಿದರು.

ತಿಂಗಳೊಳಗೆ ಗುಸುಗುಸು ಹುಟ್ಟಿತು. ಊರ ಪೈಲ್ವಾನ ಸೋತರೆ ಗಲಾಟೆಯಾಗುತ್ತದೆ ಎಂದು ಹೆದರಿ, ಕುಸ್ತಿ ನಡೆಸಿದವರೇ ಮೊದಲು ಬಾಪುವಿನ ಹತ್ತಿರ ಮಾತಾಡಿಕೊಂಡಿದ್ದರಂತೆ, ಕೆಡವಬೇಡಿ, ಸಮ ಮಾಡಿ ಬಿಡಿ ಎಂದಿದ್ದರಂತೆ. ನೂರಾ ಕುಸ್ತಿ ಎಂದು ಜನ ಆಡಿಕೊಂಡರು. ಮೊದಲೇ ಮಾತಾಡಿಕೊಂಡು ಆಡುವ ಆಟಕ್ಕೆ ಕುಸ್ತಿಯವರು ಇಟ್ಟ ಹೆಸರು ಅದು, ಪೈಲ್ವಾನನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಂಥ ಒಪ್ಪಂದ ಇದ್ದರೂ ಜಟ್ಟಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸುದ್ದಿ ಕಿವಿಗೆ ಬೀಳುವ ಹೊತ್ತಿಗೆ ಬಾಪು ಮಿರಜು ಸೇರಿಯಾಗಿತ್ತು.

ಇಷ್ಟು ವರ್ಷ ಈ ವಿಷಯ ತೆಗೆದವರಿಗೆಲ್ಲ ಜಟ್ಟಪ್ಪ ನಕ್ಕು ಸುಮ್ಮನಾಗಿದ್ದಾರೆ. ಮಣ್ಣು ಹದ ಮಾಡಿ ಮುಗಿಸಿ, ಹೆಂಡತಿ ದುರ್ಗಮ್ಮ ತಂದ ಗಂಜಿ ಕುಡಿಯುತ್ತ ಕುಳಿತಾಗ ನಾನೂ ಕೇಳಿದೆ. ಈ ಸಲ ಅವರು ನಗಲಿಲ್ಲ.

“ಎಂತ ಹೇಳೂದು ಮಾರಾಯ್ರೆ. ಅಂವ ಕೆಡಗೂಕೆ ಆಗ್ದೆ ಬಿಟ್ಟನೋ, ಬೇಕು ಅಂತ್ಲೇ ಬಿಟ್ಟನೋ, ನಂಗೇ ಗೊತ್ತಿಲ್ಲ.”

ನಾನು ದಂಗಾದೆ. ಇಷ್ಟು ವರ್ಷ ನಾವೆಲ್ಲ ಜಟ್ಟಪ್ಪನ ಪರ, ವಿರೋಧ ಎಂದು ಬಡಿದಾಡಿಕೊಂಡಿದ್ದೇವೆ. ಆ ಕುಸ್ತಿ ಆಡಿದವರಿಗೇ ಅದು ನಿಜದ್ದೋ ಸುಳ್ಳಿನದ್ದೋ ತಿಳಿಯದು ಎಂಬ ಯೋಚನೆ ಒಬ್ಬರಿಗೂ ಬಂದಿರಲಿಲ್ಲ. ಒಂದು ಸಲ ಮಿರಜಿಗೆ ಹೋಗಿ ಕೇಳಬಹುದಿತ್ತಲ್ಲ ಎಂದೆ.

“ಕೇಳ್ಬಹುದಿತ್ತು. ಹೌದು ಅಂದ್ಬಿಟ್ರೆ?”

ದುರ್ಗಮ್ಮ ಗಂಜಿಯ ಪಾತ್ರೆ ಎತ್ತಿಕೊಳ್ಳುತ್ತ, ಈ ಮನುಷ್ಯ ಗೆದ್ದ ಕುಸ್ತಿ ಒಂದನ್ನೂ ಮನೆಯಲ್ಲಿ ಹೇಳಿದ್ದಿಲ್ಲ, ಈ ಒಂದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಾರೆ ಎಂದರು. ಸಮ ಆದದ್ದನ್ನು ಇಷ್ಟು ಹಚ್ಚಿಕೊಂಡವರನ್ನು ತಾನು ನೋಡಿಲ್ಲ ಎಂದು ಸೇರಿಸಿದರು.  ಗಂಡ ದಿಟ್ಟಿಸುತ್ತಿದ್ದುದು ರಸ್ತೆಯನ್ನು.

ಮಧ್ಯಾಹ್ನದ ಹೊತ್ತಿಗೆ ಬಯಲು ತುಂಬಿದೆ. ಸಿದ್ದಾಪುರದಿಂದ ಟೆಂಪೋ ಮಾಡಿಕೊಂಡು ಬಂದವರಿದ್ದಾರೆ, ದಾಸನಕೊಪ್ಪದ ಕಡೆಯ ರೈತರಿದ್ದಾರೆ. ಬಿಳಿ ಕಾರಿನಿಂದ ಬಾಪು ಪೈಲ್ವಾನ ಇಳಿಯುತ್ತಾರೆ. ಎಪ್ಪತ್ತೆರಡು ವಯಸ್ಸು, ಕೈಯಲ್ಲಿ ಕೋಲು, ಆದರೂ ಆ ಕುತ್ತಿಗೆ ನೋಡಬೇಕು! ಜಟ್ಟಪ್ಪ ವೇದಿಕೆಯ ಕಡೆ ತಲೆ ಎತ್ತುವುದಿಲ್ಲ. ಹದವಾಗಿರುವ ಮಣ್ಣನ್ನೇ ಮತ್ತೆ ಕೆದಕುತ್ತಾರೆ. ಯಾರೋ ಹಾರ ಹಾಕಲು ಕರೆದರೆ, ಕೆಲಸ ಇದೆ ಎಂದುಬಿಡುತ್ತಾರೆ.

ಭಾಷಣ ಮುಗಿಯುವವರೆಗೂ ಬಾಪು ತಾಳುವುದಿಲ್ಲ. ಕೋಲೂರುತ್ತ ತಾವೇ ಇಳಿದು ಬಂದು ಕಣದ ಅಂಚಿನಲ್ಲಿ ಚಪ್ಪಲಿ ಬಿಡುತ್ತಾರೆ, ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಇಬ್ಬರೂ ಎದುರುಬದುರು. ಮಾಸ್ತರೂ ನಾನೂ ಪಕ್ಕದಲ್ಲೇ ಇದ್ದೇವೆ. ನಮಸ್ಕಾರ, ಕ್ಷೇಮ ಸಮಾಚಾರ ಒಂದೂ ಇಲ್ಲ. ಜಟ್ಟಪ್ಪ ನೇರವಾಗಿ ಕೇಳುತ್ತಾರೆ:

“ಅವತ್ತು ಮೊದ್ಲೇ ಮಾತಾಗಿತ್ತಾ?”

“ಆಗಿತ್ತು,” ಎನ್ನುತ್ತಾರೆ ಬಾಪು.

 ಮಾಸ್ತರ ಮುಖ ಬಿಳಚಿಕೊಂಡಿತು, ತಮ್ಮ ವಾದ ಗೆದ್ದಿತು ಎಂಬ ಖುಷಿ ಅದರಲ್ಲಿ ಕಾಣಲಿಲ್ಲ. ಜಟ್ಟಪ್ಪ ಗುದ್ದಲಿಯ ಕಾವಿನ ಮೇಲೆ ಎರಡೂ ಕೈ ಊರಿ ನಿಂತೇ ಇದ್ದರು.

“ಸಮಾ ಮಾಡ್ರಿ ಅಂದಿದ್ರು, ನಾ ಹೂಂ ಅಂದಿದ್ದೆ,” ಬಾಪು ಮುಂದುವರಿಸುತ್ತಾರೆ. “ಅರ್ಧಾ ತಾಸ ಹಂಗ ಆಡಿದೆ. ಆಮ್ಯಾಲೆ ನೀ ನನ್ನ ಎತ್ತಿ ಮೊಣಕಾಲ ಮ್ಯಾಲೆ ತಂದಿ. ಮಂದಿ ನಕ್ಕರು. ಸಿಟ್ಟ ನೆತ್ತಿಗೇರಿತು. ಮಾತ ಹಾಳಾಗಿ ಹೋಗ್ಲಿ, ಇಂವನ್ನ ಕೆಡವೇ ಬಿಡ್ತೀನಿ ಅಂತ ನಿಂತೆ. ಗೊತ್ತಿದ್ದ ಪಟ್ಟ ಒಂದೂ ಬಿಡಲಿಲ್ಲ. ನೀ ಬೀಳಲಿಲ್ಲ.”

ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನಾನೇ ತಡೆಯಲಾರದೆ ಕೇಳಿದೆ. ಕರೆಸಿ ಊಟ ಹಾಕಿದವರಿಗೆ ಕೊಟ್ಟ ಮಾತು ಮುರಿದವನು ತಾನು, ಅದನ್ನು ಊರೆಲ್ಲ ಹೇಳಿಕೊಂಡು ತಿರುಗುವುದೇ ಎಂದು ಬಾಪು ನನ್ನನ್ನೇ ಗದರಿಸಿದರು.

ಜಟ್ಟಪ್ಪನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಕೊನೆಗೆ ಕತ್ತಲಾಗುವಾಗ ಹಾಕಿದ ಕಲಾಜಂಗ್ ಪಟ್ಟು, ತನ್ನನ್ನು ಹೆಗಲ ಮೇಲೆ ಹೊತ್ತು ಒಗೆಯಲು ನೋಡಿದ್ದು, ಅದೂ ನಿಜದ್ದೇ ಹೌದೋ ಎಂದು ಮೆಲ್ಲಗೆ ವಿಚಾರಿಸಿದರು. ಬಾಪು ಅಂಗಿಯ ಕಾಲರು ಸರಿಸಿ ಬಲಹೆಗಲು ತೋರಿಸಿದರು. ಆ ಪಟ್ಟು ಹಾಕುವಾಗ ಉಳುಕಿದ ಹೆಗಲು ಇವತ್ತಿಗೂ ಪೂರ್ತಿ ಏಳುವುದಿಲ್ಲವಂತೆ. ಜಟ್ಟಪ್ಪ ಗುದ್ದಲಿ ಕೆಳಗಿಟ್ಟರು. ಹೆಬ್ಬೆರಳಿನಿಂದ ಆ ಹೆಗಲಿನ ಸಂದು ಹುಡುಕಿ, ಅಷ್ಟು ಜನರ ನಡುವೆ ನಿಂತಲ್ಲೇ ನೀವತೊಡಗಿದರು. ನೋಯುತ್ತದೆ ಎಂದು ಬಾಪು ಮುಖ ಕಿವುಚಿದರೂ ಬಿಡಲಿಲ್ಲ. ನನ್ನ ಕಣ್ಣು ತುಂಬಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಾಸ್ತರು ಸುಲಭಕ್ಕೆ ಸೋಲುವ ಆಳಲ್ಲ. ಈ ಒಂದು ಕುಸ್ತಿ ಒಪ್ಪಿಕೊಂಡರೂ ಉಳಿದವರೆಲ್ಲ ಚೀಲ ಹೊರುವವರೇ ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಹುಚ್ಚನ ವಿಷಯ ಸಂಜೆ ಚಾ ಕುಡಿಯುವಾಗ ಮುಂದುವರಿಸೋಣ ಎಂದೆ. ಅಷ್ಟರಲ್ಲಿ ಹಲಗೆ ಬಡಿಯಿತು. ಜಟ್ಟಪ್ಪ ಕಣದ ನಡುವೆ ನಿಂತು ಜೋಡಿ ಹಚ್ಚತೊಡಗಿದರು. ಊರಿನ ಅಚ್ಚುಮೆಚ್ಚಿನ ಪೈಲ್ವಾನ ಉಲ್ಲಾಸನ ಕೈಯನ್ನು ನಾಲ್ಕು ಮಂದಿಗೆ ಹಿಡಿಸಿ ನೋಡಿ, ನಿನಗೆ ಜೋಡಿ ಇಲ್ಲ, ಹೋಗು ಎಂದು ಹೊರಗೆ ಕಳಿಸಿದರು. ಜನ ಹೋ ಎಂದು ಕೂಗಿದರು, ಯಾರೋ ಚಪ್ಪಲಿ ಎಸೆದರು. ಅವರು ಆ ಚಪ್ಪಲಿಯನ್ನು ಕಾಲಿನಿಂದ ಕಣದಾಚೆ ಸರಿಸಿ ಮುಂದಿನವನನ್ನು ಕರೆದರು.

ಎಲ್ಲ ಮುಗಿದ ಮೇಲೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು ಜಟ್ಟಪ್ಪ ಕಟ್ಟೆಯ ಮೇಲೆ ಕುಳಿತರು. ನಾನು ನಿಮ್ಮ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ, ಬಾಪುವನ್ನೇ ಎತ್ತಿದವರು ನೀವು, ಮಾತು ಮುರಿದು ಆಡಿದರೂ ಅವರಿಗೆ ನಿಮ್ಮನ್ನು ಕೆಡವಲಾಗಲಿಲ್ಲ, ಹಾಗಾದರೆ ಗೆದ್ದವರು ನೀವೇ ಎಂದು ಬರೆಯಲೇ ಎಂದು ಕೇಳಿದೆ. ನನ್ನ ಧ್ವನಿ ಏರಿತ್ತು ಎಂದು ಕಾಣುತ್ತದೆ, ಅವರು ಕೈಯೆತ್ತಿ ತಡೆದರು.

“ಹಂಗೆಲ್ಲ ಬೇಡ. ಅಂವ ನನ್ನ ಕೆಡಗ್ಲಿಲ್ಲ, ನಾನೂ ಅವನ್ನ ಕೆಡಗ್ಲಿಲ್ಲ. ಬರಾಬರಿ ಅಂತ ಬರೀರಿ, ಸಾಕು.”