ಅಳಿಸುವ ಮುನ್ನ ಕೇಳುತ್ತಿದ್ದವರು

ತೀರಿಕೊಂಡ ತಂದೆಯ ದನಿಯನ್ನು ಒಬ್ಬ ವಿದೇಶಿ ಗಾಯಕನ ಅಬ್ಬರದ ಕೆಳಗೆ ಹೂತುಹಾಕಲು ನನ್ನ ಅಣ್ಣ ಯತ್ನಿಸಿದ. ಅದಕ್ಕೆ ಒಪ್ಪದವರ ಬಲಗೈ ಕಿರುಬೆರಳನ್ನು ಮುರಿದ. ಅವನು ಮರೆತಿರಬಹುದು, ನಾನು ಮರೆತಿಲ್ಲ.

ಆ ಬೆರಳು, ಮಧುಗಿರಿ ಬಸ್ ನಿಲ್ದಾಣದೆದುರು ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದ ಶಿರಾ ಕಡೆಯ ಸಾಹೇಬರದು. ಕ್ಯಾಸೆಟ್ಟಿನ ಹಲ್ಲುಗಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ತೆಳ್ಳಗಿತ್ತು. ಸಡಿಲಾದ ಟೇಪನ್ನು ಅದರಿಂದಲೇ ಸುತ್ತುತ್ತಿದ್ದರು. ಹಳೆಯ ಕ್ಯಾಸೆಟ್ ತಂದು ಹೊಸ ಹಾಡು ತುಂಬಿಸಿಕೊಳ್ಳುವವರೇ ಹೆಚ್ಚು. ಸಾಹೇಬರು ಹಳೆಯದನ್ನು ಪೂರ್ತಿ ಕೇಳದೆ ಅಳಿಸುತ್ತಿರಲಿಲ್ಲ. ಗಿರಾಕಿಗಳು ರೇಗಿದರೆ, "ಒಳಗೆ ಯಾರವ್ರೋ ನೋಡ್ಬೇಕಲ್ವಾ" ಎನ್ನುತ್ತಿದ್ದರು.

ಅಂಗಡಿಯ ಗಾಜಿನ ಹಿಂದೆ ಒಂದೇ ಒಂದು ರಾಕ್ ಸಂಗೀತದ ಕ್ಯಾಸೆಟ್ ಇತ್ತು. ಎಂಬತ್ತರ ದಶಕದ ಆರಂಭದಲ್ಲಿ ಅವರ ಭಾವಮೈದ ದುಬೈಯಿಂದ ತಂದದ್ದು. ಯೌವನವೆಲ್ಲ ತಂಡದೊಡನೆ ಹಾಡಿ ಹೆಸರಾದ ಗಾಯಕ, ವಯಸ್ಸು ಮಾಗಿದ ಮೇಲೆ ಒಂಟಿಯಾಗಿ ಹಾಡಿದ ಹಾಡುಗಳು. ಗಂಡನನ್ನು ಕಳೆದುಕೊಂಡು, ಹೊಲಿಗೆ ಯಂತ್ರದೊಡನೆ ಕೊಡಿಗೇನಹಳ್ಳಿಯ ತವರಿಗೆ ಮರಳಿದ್ದ ನನಗೆ ಒಮ್ಮೆ ಅದನ್ನು ಕೇಳಿಸಿದ್ದರು. ಭಾಷೆ ತಿಳಿಯಲಿಲ್ಲ, ಗಂಟಲಿನ ಒಡಕು ತಿಳಿಯಿತು.

"ಜೊತೆಗಿದ್ದೋರೆಲ್ಲ ಹೋದ್ರು ಕಣಮ್ಮ. ಆದ್ರೂ ಹೆಂಗೆ ಹಾಡ್ತಾವ್ನೆ ನೋಡು."

ಕೈ ನಡುಗಿ ಬರೆಯಲಾರದ ಅಪ್ಪ, ಹಿತ್ತಿಲ ಎರಡು ಕೋಣೆಗಳು ಮಗಳಿಗೇ ಸೇರಬೇಕೆಂದು ಕ್ಯಾಸೆಟ್ಟಿನಲ್ಲಿ ಹೇಳಿಟ್ಟು, ಅದನ್ನು ಅಣ್ಣನ ಕೈಗೆ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಂಥದ್ದೇನೂ ಇಲ್ಲವೆಂದ ಅಣ್ಣ, ತಿಂಗಳೊಳಗೆ ಕೋಣೆ ಬಿಡುವಂತೆ ಹೇಳಿದ. ಅದೇ ವಾರ ಆ ಕ್ಯಾಸೆಟ್ಟನ್ನು ಸಾಹೇಬರಿಗೆ ಒಯ್ದು ಕೊಟ್ಟ.

"ಜೋರಾಗಿರೋದು ಯಾವ್ದಾದ್ರೂ ತುಂಬು ಸಾಬು. ಎರಡು ಕಡೇನೂ. ಸಂದು ಇರಬಾರ್ದು."

ಸಾಹೇಬರು ಎಂದಿನಂತೆ ಮೊದಲು ಕೇಳಿದರು. ಕೇಳಿದವರು ಅದೇ ಕಂಪನಿಯ ಬೇರೊಂದು ಕ್ಯಾಸೆಟ್ಟಿಗೆ ಆ ಗಾಯಕನ ಹಾಡುಗಳನ್ನು ತುಂಬಿ, ಮೇಲೆ ಅಂಟಿಸಿದ್ದ ಚೀಟಿಯ ಬರಹವನ್ನೂ ಅಕ್ಷರ ಬಿಡದೆ ನಕಲು ಮಾಡಿ ಅಣ್ಣನಿಗೆ ಕೊಟ್ಟರು. ಮರುದಿನ ಅಣ್ಣ ಮನೆಯಲ್ಲಿಲ್ಲದ ವೇಳೆ, ಜುಬ್ಬ ಹೊಲಿಸುವ ನೆಪದಲ್ಲಿ ಹಿಂದೂಪುರದ ಬಸ್ಸು ಹತ್ತಿ ನಮ್ಮೂರಿಗೆ ಬಂದರು. ಬಟ್ಟೆಯ ಮಡಿಕೆಯಲ್ಲಿ ಅಪ್ಪನ ಕ್ಯಾಸೆಟ್ ಇತ್ತು.

"ನಿಮ್ಮಪ್ಪ ಇದ್ರಾಗವ್ರೆ. ನಾ ಬಂದಿದ್ದು ಯಾರ್ಗೂ ಹೇಳ್ಬೇಡಮ್ಮ, ನಂಗೂ ಮಕ್ಕಳವ್ರೆ."

ಅದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಚ್ಚಿಟ್ಟೆ. ಸಂಜೆ ಅಣ್ಣ ತನ್ನ ಕ್ಯಾಸೆಟ್ ಹಾಕಿದ. ನಡುಮನೆಯಿಂದ ಆ ಮುದಿ ಗಂಟಲು ಮನೆಯೆಲ್ಲ ಗುಡುಗುತ್ತಿದ್ದರೆ, ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಅಪ್ಪ ಸುಮ್ಮನೆ ಮಲಗಿದ್ದರು. ಎರಡೂ ಬದಿ ಮುಗಿದವು. ಅಣ್ಣ ಕ್ಯಾಸೆಟ್ಟನ್ನು ಹೊರಗೆ ತೆಗೆದು ತಿರುಗಿಸಿ ನೋಡುತ್ತ ನಿಂತ. ಆಯುಧಪೂಜೆಯಂದು ಕತ್ತರಿ, ಸೈಕಲ್ಲುಗಳ ಜೊತೆಗೆ ಕ್ಯಾಸೆಟ್ಟಿಗೂ ಕುಂಕುಮ ಇಡುವುದು ಅಪ್ಪನ ರೂಢಿ. ಅಕ್ಷರಗಳನ್ನು ನಕಲು ಮಾಡಿದ ಸಾಹೇಬರಿಗೆ ಮೂಲೆಯ ಆ ಕೆಂಪು ಚುಕ್ಕೆ ಬರಿಯ ಕಲೆಯಾಗಿ ಕಂಡಿತ್ತು.

"ಕುಂಕುಮ ಎಲ್ಲೋಯ್ತು?" ಎಂದ ಅಣ್ಣ, ಮೆಲ್ಲಗೆ.

ನಾನು ತಲೆಯೆತ್ತದೆ ಹೊಲಿಯುತ್ತಲೇ ಇದ್ದೆ. ಸೂಜಿಯಲ್ಲಿ ದಾರವಿರಲಿಲ್ಲ.

ಬೆಳಗ್ಗೆ ಇಬ್ಬರನ್ನು ಕಟ್ಟಿಕೊಂಡು ಅವನು ಮಧುಗಿರಿಗೆ ಹೋದ. ಅಪ್ಪನ ಕ್ಯಾಸೆಟ್ ಸುಟ್ಟುಹಾಕಿದೆನೆಂದರಂತೆ ಸಾಹೇಬರು. ಮೂವರೂ ಸೇರಿ ಅಂಗಡಿಯ ಗಾಜು ಒಡೆದು, ಆ ಗಾಯಕನ ಕ್ಯಾಸೆಟ್ಟಿನ ಟೇಪನ್ನೆಲ್ಲ ಬೀದಿಗೆ ಎಳೆದು ತುಳಿದರಂತೆ. ಆಮೇಲೆ ಅಣ್ಣ ಅವರ ಬೆರಳು ತಿರುಚಿದನಂತೆ. ಸಾಹೇಬರು ನನ್ನ ಹೆಸರು ಹೇಳಲಿಲ್ಲ. ಎದುರಿನ ಟೀ ಅಂಗಡಿಯಾಕೆ ಇದನ್ನೆಲ್ಲ ಕಣ್ಣಾರೆ ಕಂಡು ನನಗೆ ಹೇಳಿದಳು.

ಆ ವಾರವೇ ಊರ ಹಿರಿಯರ ಮುಂದೆ ಅಪ್ಪನ ದನಿಯನ್ನು ಕೇಳಿಸಿದೆ. ಈಗಲೂ ಅವೇ ಕೋಣೆಗಳಲ್ಲಿದ್ದೇನೆ.

ಕ್ಷಮೆ ಕೇಳಲು ಹೋದಾಗ ಸಾಹೇಬರು ಎಡಗೈಯಿಂದ ಟೇಪು ಸುತ್ತುತ್ತಿದ್ದರು. "ಹಾಡು ಹೋಯ್ತು, ಬುಡಮ್ಮ. ಮಾತು ಉಳೀತಲ್ಲ" ಎಂದರು. ಆ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಕೆಲವು ವರ್ಷಗಳ ಬಳಿಕ ಶಿರಾದಲ್ಲಿ ತೀರಿಕೊಂಡರು. ಅಣ್ಣ ಅತ್ತ ಸುಳಿಯಲಿಲ್ಲ.

ಯಾರೋ ಬಿಸಾಡಿದ ದನಿಯನ್ನೂ ಅವರು ಕೊನೆತನಕ ಕೇಳಿದರು. ಅಣ್ಣಾ, ಅಳಿಸಲು ಕೊಡುವ ಮುನ್ನ ನೀನು ಅಪ್ಪನನ್ನು ಒಮ್ಮೆಯಾದರೂ ಕೇಳಿದ್ದೆಯಾ?